ಕುಟುಂಬ ಪಿಂಚಣಿ, ಸ್ವಂತ ಪಿಂಚಣಿ: ಅರ್ಜಿ ಯಾವಾಗ ಸಲ್ಲಿಸಬೇಕು?

“ವರ್ಷಾಬ್ದಿಕ ಮುಗಿಯಲಿ, ಆಮೇಲೆ ಪಿಂಚಣಿಯ ಕೆಲಸ ನೋಡೋಣ.” ನುಂಗಂಬಾಕ್ಕಂನ ಬ್ಯಾಂಕುಗಳಿಗೆ ಬರುವ ನಮ್ಮ ಕನ್ನಡ ಕುಟುಂಬಗಳ ಬಾಯಲ್ಲಿ ಆಗಾಗ ಕೇಳಿಬರುವ ಮಾತಿದು. ದುಃಖದಲ್ಲಿ ಇದು ಸಹಜ. ಆದರೆ ಲೆಕ್ಕದ ದೃಷ್ಟಿಯಿಂದ ಹಿತವಲ್ಲ.

ಪತಿ ಪತ್ನಿಯರಿಬ್ಬರೂ ಖಾಸಗಿ ಉದ್ಯೋಗದಲ್ಲಿದ್ದ ಮನೆಗಳಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿರುತ್ತವೆ. ಮೊದಲನೆಯದು, 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಂತೆ ಉಳಿದ ಸಂಗಾತಿಗೆ ಸಲ್ಲುವ ಪಿಂಚಣಿ. ಇದು ಮರಣದ ಮರುದಿನದಿಂದಲೇ ಸಲ್ಲುತ್ತದೆ. ಪಡೆಯುವವರ ವಯಸ್ಸಿನ ನಿರ್ಬಂಧವಿಲ್ಲ. ಕಾದರೆ ಮೊತ್ತ ಹೆಚ್ಚುವುದೂ ಇಲ್ಲ. ಆದ್ದರಿಂದ ತಡಮಾಡದೆ ಅರ್ಜಿ ಸಲ್ಲಿಸುವುದೇ ಸರಿ. 25 ವರ್ಷದೊಳಗಿನ ಇಬ್ಬರು ಮಕ್ಕಳಿಗೂ ಪ್ರತ್ಯೇಕ ಪಿಂಚಣಿಯುಂಟು. ಮರುವಿವಾಹವಾದರೆ ಮಾತ್ರ ಸಂಗಾತಿಯ ಪಿಂಚಣಿ ನಿಲ್ಲುತ್ತದೆ.

ಎರಡನೆಯದು, ಸ್ವಂತ ದುಡಿಮೆಯ ಪಿಂಚಣಿ. ಒಂದನ್ನು ಪಡೆದರೆ ಇನ್ನೊಂದು ಕೈತಪ್ಪುವುದೆಂಬ ಭಯ ಅನವಶ್ಯಕ, ಎರಡನ್ನೂ ಪಡೆಯಬಹುದು. ಕನಿಷ್ಠ 10 ವರ್ಷಗಳ ಸೇವೆಯಿದ್ದವರಿಗೆ 58ನೆಯ ವಯಸ್ಸಿನಲ್ಲಿ ಇದು ಪೂರ್ಣವಾಗಿ ದೊರೆಯುತ್ತದೆ. ಉದ್ಯೋಗ ಬಿಟ್ಟವರು 50ರ ನಂತರವೇ ಪಡೆಯಬಹುದು. ಆದರೆ 58ಕ್ಕೆ ಕಡಿಮೆಯಾಗುವ ಪ್ರತಿ ವರ್ಷಕ್ಕೆ ಶೇಕಡ 4ರಷ್ಟು ಕಡಿತವಾಗುತ್ತದೆ. 2016ರ ತಿದ್ದುಪಡಿಯಂತೆ, 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇಕಡ 4ರಷ್ಟು ಏರಿಕೆಯುಂಟು.

ಉದಾಹರಣೆಗೆ, 58ಕ್ಕೆ 5,000 ರೂಪಾಯಿ ದೊರೆಯಬೇಕಾದ ಮಹಿಳೆ 59ರವರೆಗೆ ಕಾದರೆ ತಿಂಗಳಿಗೆ 5,200 ಆಗುತ್ತದೆ. ಆದರೆ ಆ ಒಂದು ವರ್ಷದಲ್ಲಿ ಬಿಟ್ಟುಕೊಟ್ಟ 60,000 ರೂಪಾಯಿ, ತಿಂಗಳಿಗೆ 200ರಂತೆ ಮರಳಿ ಬರಲು 25 ವರ್ಷಗಳು ಬೇಕು. ಆಗ ಆಕೆಗೆ 84 ತುಂಬಿರುತ್ತದೆ. ಈ ಪಿಂಚಣಿಗೆ ತುಟ್ಟಿಭತ್ಯೆಯೂ ಇಲ್ಲ. ಹೀಗಾಗಿ ಕಾಯುವುದೇ ಲಾಭವೆಂದು ಭಾವಿಸಲಾಗದು. ಇನ್ನೊಂದು ಕಡೆ, 50ಕ್ಕೇ ಪಡೆದರೆ ಕಾಲು ಭಾಗಕ್ಕಿಂತಲೂ ಹೆಚ್ಚು ಮೊತ್ತ ಜೀವನಪರ್ಯಂತ ಕಡಿಮೆಯಾಗುತ್ತದೆ. ಪತಿಯ ಕಡೆಯಿಂದ ಬರುವ ಪಿಂಚಣಿಯಿಂದ ಮನೆ ನಡೆಯುವಂತಿದ್ದರೆ, ಸ್ವಂತದ್ದನ್ನು 58ರ ಸಮೀಪದವರೆಗೆ ಬಿಡುವುದು ವಿವೇಕ.

ಕೇಂದ್ರ ಸರ್ಕಾರದ ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿ, ನೌಕರರು ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಮೊದಲ 10 ವರ್ಷ ಕೊನೆಯ ವೇತನದ ಶೇಕಡ 50, ನಂತರ ಶೇಕಡ 30 ಕುಟುಂಬ ಪಿಂಚಣಿ ಸಲ್ಲುತ್ತದೆ. ಈ ಅವಧಿಯ ಎಣಿಕೆ ಮರಣದ ಮರುದಿನದಿಂದಲೇ ಆರಂಭ, ಅರ್ಜಿಯ ದಿನದಿಂದಲ್ಲ.

ಚೆನ್ನೈನಲ್ಲಿ ನೆಲೆಸಿದ ನಮ್ಮವರಿಗೆ ಹೆಸರಿನ ತೊಡಕೂ ಉಂಟು. ಊರಿನ ದಾಖಲೆಯಲ್ಲಿ ಮನೆತನದ ಹೆಸರು, ಇಲ್ಲಿಯದರಲ್ಲಿ ಬರಿಯ ಇನಿಷಿಯಲ್. ಆಧಾರ್, ಬ್ಯಾಂಕ್ ಖಾತೆ, ಭವಿಷ್ಯನಿಧಿ ಮೂರರಲ್ಲೂ ಹೆಸರು ಒಂದೇ ಇರುವಂತೆ, ನಾಮನಿರ್ದೇಶನವೂ ಆಗಿರುವಂತೆ ದಂಪತಿಗಳು ಇಬ್ಬರೂ ಇರುವಾಗಲೇ ನೋಡಿಕೊಳ್ಳುವುದು ಒಳ್ಳೆಯದು.