ಮನೆ ಕಟ್ಟಲು ಹೊರಟವರ ಮೈ ಸಜ್ಜಾಗಿದೆಯೆ?

2017ರ ಜುಲೈ 13ರಂದು ಕೆನಡಾದ ವಿನ್ನಿಪೆಗ್ ನಗರದಲ್ಲಿ ಬಡವರಿಗಾಗಿ ಮನೆ ಕಟ್ಟುತ್ತಿದ್ದ ಸ್ವಯಂಸೇವಕರೊಬ್ಬರು ಕೆಲಸದ ನಡುವೆಯೇ ಬಳಲಿ ಕುಸಿದರು. ಅವರನ್ನು ಕೂಡಲೇ ಆಸ್ಪತ್ರೆಗೆ ಒಯ್ಯಲಾಯಿತು. ದೇಹದಲ್ಲಿ ನೀರಿನ ಅಂಶ ಕಡಿಮೆಯಾಗಿದ್ದುದೇ ಅದಕ್ಕೆ ಕಾರಣವಾಗಿತ್ತು. ಮರುದಿನ ಅವರು ಮತ್ತೆ ಕೆಲಸದ ಜಾಗಕ್ಕೆ ಮರಳಿದರು. ಅವರು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್. ಆಗ ಅವರಿಗೆ 92 ವರ್ಷ. ಮನೆ ಕಟ್ಟುವ ಸೇವೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿದ ಅನುಭವವಿದ್ದು, ಸುತ್ತ ನೋಡಿಕೊಳ್ಳುವ ಜನರಿದ್ದೂ ಅವರಿಗೆ ಹೀಗಾಯಿತು. ಇದೇ ಮೊದಲ ಸಲ ಸಲಿಕೆ ಹಿಡಿಯುವ ನಮ್ಮ ಹುಡುಗರ ಗತಿ ಏನು?

ಕಾರ್ಟರ್ ಕೈಜೋಡಿಸಿದ್ದ ‘ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ’ 1976ರಲ್ಲಿ ಅಮೆರಿಕದಲ್ಲಿ ಆರಂಭವಾದ ಕ್ರೈಸ್ತ ಮೂಲದ ಸೇವಾ ಸಂಸ್ಥೆ. ಭಾರತದಲ್ಲಿ ಅದರ ಕೆಲಸ 1983ರಲ್ಲಿ ಶುರುವಾಯಿತು. 2006ರ ಅಕ್ಟೋಬರ್ ಕೊನೆಯಲ್ಲಿ ಲೋಣಾವಳಾ ಬಳಿಯ ಮಾಳವಲಿಯಲ್ಲಿ ದೇಶ ವಿದೇಶಗಳ ಸ್ವಯಂಸೇವಕರು ಸೇರಿ, ಒಂದು ವಾರದ ಅವಧಿಯಲ್ಲಿ ನೂರು ಮನೆಗಳ ಕೆಲಸಕ್ಕೆ ಕೈಹಾಕಿದರು. 82ರ ಕಾರ್ಟರ್ ಅಲ್ಲಿಗೂ ಬಂದಿದ್ದರು. ನಮ್ಮ ಕಣಗಲಾ ಪಕ್ಕದಲ್ಲಿ ಹಾಯುವ ಹೆದ್ದಾರಿಯಲ್ಲಿ ನಿಪ್ಪಾಣಿ, ಕೊಲ್ಹಾಪುರ ದಾಟಿ ಪುಣೆ ಮುಟ್ಟಿದರೆ ಮಾಳವಲಿ ಅಲ್ಲಿಂದ ದೂರವೇನಲ್ಲ.

ಹೀಗೆ ಗುಂಪು ಕಟ್ಟಿಕೊಂಡು ಮನೆ ಕಟ್ಟಿಕೊಡಲು ಹೋಗುವುದು ಇಂದು ಚರ್ಚಿನ ಯುವಕರಿಗಷ್ಟೇ ಸೀಮಿತವಲ್ಲ. ಮಠದ ಸೇವಾದಳ, ಕಾಲೇಜಿನ ಎನ್ನೆಸ್ಸೆಸ್ ಘಟಕ, ಗಣೇಶೋತ್ಸವದ ತರುಣ ಮಂಡಳ, ಯಾರೂ ಹೊರಡಬಹುದು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ನೇಪಾಳದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು, ಐದು ಲಕ್ಷಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಅಂಥ ಕಡೆ ಹೊರಗಿನವರ ಕೈ ಬೇಕೇ ಬೇಕು. ಆದರೆ ಹೋದವನೇ ಮೂರನೆಯ ದಿನ ಮಲಗಿದರೆ, ಮನೆಯಿಲ್ಲದೆ ತಗಡಿನ ಕೆಳಗಿರುವ ಜನರೇ ಅವನ ಆರೈಕೆ ಮಾಡಬೇಕಾಗುತ್ತದೆ. ಅಲ್ಲಿನ ಸಣ್ಣ ಆಸ್ಪತ್ರೆಯ ಒಂದು ಹಾಸಿಗೆಯೂ ಅವನ ಪಾಲಾಗುತ್ತದೆ.

ಆರು ವಾರ ಮೊದಲೇ ವೈದ್ಯರ ಬಳಿಗೆ

ಟಿಕೆಟ್ ತೆಗೆಸಿದ ಮೇಲೆ ವೈದ್ಯರ ನೆನಪಾಗುವುದು ನಮ್ಮಲ್ಲಿ ರೂಢಿ. ಹೊರಡುವ ಹಿಂದಿನ ದಿನ ಬಂದು ‘ಫಿಟ್ ಇದ್ದಾನ ಅಂತ ಒಂದು ಸರ್ಟಿಫಿಕೇಟ್ ಬರೆದುಕೊಡ್ರಿ’ ಎನ್ನುವವರೇ ಹೆಚ್ಚು. ಚುಚ್ಚುಮದ್ದು ಹಾಕಿಸಿಕೊಂಡ ತಕ್ಷಣ ರಕ್ಷಣೆ ಬರುವುದಿಲ್ಲ, ಕೆಲವಕ್ಕೆ ಎರಡು ಮೂರು ಡೋಸು ಬೇಕು. ಆದ್ದರಿಂದ ಕನಿಷ್ಠ ಆರು ವಾರ ಮುಂಚೆ ಇಡೀ ಗುಂಪು ತಪಾಸಣೆ ಮಾಡಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮೊದಲು ಧನುರ್ವಾಯುವಿನ ಚುಚ್ಚುಮದ್ದು. ನಮ್ಮ ಹೆಣ್ಣುಮಕ್ಕಳಿಗೆ ಬಸಿರಿನಲ್ಲಿ ಇದು ತಪ್ಪದೆ ಸಿಗುತ್ತದೆ. ಗಂಡಸರ ಮಾತು ಬೇರೆ. ಶಾಲೆಯಲ್ಲಿ ಹಾಕಿಸಿಕೊಂಡದ್ದೇ ಕೊನೆ ಎನ್ನುವ ನಲವತ್ತರ ಗಂಡಸರು ಬಹಳ. ಹತ್ತು ವರ್ಷಕ್ಕೊಮ್ಮೆ ಬೂಸ್ಟರ್ ಬೇಕು. ಮಣ್ಣು ಮೆತ್ತಿದ ಆಳವಾದ ಗಾಯವಾದರೆ, ಐದು ವರ್ಷ ಕಳೆದಿದ್ದರೂ ಮತ್ತೊಂದು ಹಾಕಿಸಬೇಕು. ಈಗ ಸರಕಾರಿ ಆಸ್ಪತ್ರೆಗಳಲ್ಲಿ ಟಿಟಿ ಬದಲು, ಗಂಟಲುಮಾರಿಯನ್ನೂ ತಡೆಯುವ ಟಿಡಿ ಕೊಡುತ್ತಾರೆ. ಇದರೊಂದಿಗೆ ಟೈಫಾಯಿಡ್ ಮತ್ತು ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ನೇಪಾಳದ ತರಾಯಿ ಪ್ರದೇಶಕ್ಕಾದರೆ ಮಿದುಳು ಜ್ವರದ ಲಸಿಕೆಯ ವಿಚಾರವೂ ಬರುತ್ತದೆ. ಹಳದಿ ಜ್ವರವಿರುವ ಆಫ್ರಿಕಾ, ದಕ್ಷಿಣ ಅಮೆರಿಕದ ದೇಶಗಳಿಗೆ ಹೋಗುವವರು ಅದರ ಲಸಿಕೆಯನ್ನು ಸರಕಾರ ಗೊತ್ತುಪಡಿಸಿದ ಕೇಂದ್ರದಲ್ಲೇ, ಹತ್ತು ದಿನ ಮುಂಚಿತವಾಗಿ ಹಾಕಿಸಿಕೊಳ್ಳಬೇಕು. 2016ರಿಂದ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಮರಳಿದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಸಕ್ಕರೆ ಕಾಯಿಲೆಯವರು ಹೋಗಬಾರದೆಂದಿಲ್ಲ. ಆದರೆ ಕಾಲಿನ ಸ್ಪರ್ಶ ಮಂದವಾಗಿದ್ದರೆ ಬೂಟಿನೊಳಗೆ ಮೊಳೆ ಚುಚ್ಚಿದ್ದು ಸಂಜೆಯವರೆಗೂ ತಿಳಿಯುವುದಿಲ್ಲ. ಅಂಥವರು ಅಡುಗೆ, ಲೆಕ್ಕಪತ್ರ, ಸಾಮಾನಿನ ಉಸ್ತುವಾರಿ ವಹಿಸಿಕೊಳ್ಳಲಿ. ಮೂರ್ಛೆ ರೋಗವಿದ್ದವರು ಸಾರವೆ ಹತ್ತಲೇಬಾರದು. ರಕ್ತದೊತ್ತಡದ ಗುಳಿಗೆಗಳನ್ನು ಬೇಕಾದ ದಿನಗಳಿಗಿಂತ ಒಂದು ವಾರದಷ್ಟು ಹೆಚ್ಚಿಗೆ ಒಯ್ಯಬೇಕು, ಅದೂ ಕೈಚೀಲದಲ್ಲಿ. ಹುಳುಕು ಹಲ್ಲನ್ನೂ ಮರೆಯಬೇಡಿ. ಪರದೇಶದ ಹಳ್ಳಿಯಲ್ಲಿ ರಾತ್ರಿ ಹಲ್ಲುನೋವು ಶುರುವಾದರೆ ಆಗುವ ಪಾಡು ಅನುಭವಿಸಿದವರಿಗೇ ಗೊತ್ತು.

ಬಿಸಿಲಿಗೆ ಒಗ್ಗಿಸಿಕೊಳ್ಳುವುದು

‘ನಮಗೇನ್ರಿ, ನಾವು ಕಬ್ಬು ಕಡಿದವರು’ ಎಂದು ಹುಕ್ಕೇರಿ, ಮೂಡಲಗಿ ಕಡೆಯ ತರುಣರು ಹೇಳಿಯಾರು. ಕಬ್ಬು ಕಡಿಯುವವರಿಗೆ ಈ ಮಾತು ಒಪ್ಪುತ್ತದೆ. ಕಡಿಯುವುದನ್ನು ಬಿಟ್ಟು ಕಂಪ್ಯೂಟರಿನ ಮುಂದೆ ಕುಳಿತು ಆರು ವರ್ಷವಾದ ಅವರ ತಮ್ಮಂದಿರಿಗೆ ಅಲ್ಲ. ಬಿಸಿಲಲ್ಲಿ ದುಡಿಯಲು ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಬೆವರು ಬೇಗ ಬರುವುದು, ಅದರಲ್ಲಿ ಉಪ್ಪು ಕಡಿಮೆ ಹೋಗುವುದು, ನಾಡಿಬಡಿತ ಹತೋಟಿಗೆ ಬರುವುದು, ಇವೆಲ್ಲ ಆ ಅವಧಿಯಲ್ಲಿ ನಡೆಯುವ ಬದಲಾವಣೆಗಳು. ಹಾಗಾಗಿ ಕೆಲಸದ ಮೊದಲ ದಿನ ಅರ್ಧ ದುಡಿಮೆ ಸಾಕು. ದಿನದಿಂದ ದಿನಕ್ಕೆ ಏರಿಸುತ್ತ ಹೋಗಬೇಕು.

ಬಾಯಾರಿಕೆಗೆ ಕಾಯಬೇಡಿ. ಬಿಸಿಲಲ್ಲಿ ದುಡಿಯುವಾಗ ಕಾಲು ಗಂಟೆಗೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದು ತಿಳಿಯಿರಿ. ಹೆಣ್ಣುಮಕ್ಕಳು ಶೌಚಾಲಯದ ಅಡಚಣೆಯಿಂದ ನೀರು ಕುಡಿಯದೆ ಇರುತ್ತಾರೆ. ಗುಂಪಿನ ಮುಖಂಡರು ಮನೆಯ ಪಾಯ ತೋಡಿಸುವುದಕ್ಕಿಂತ ಮೊದಲು ಶೌಚಾಲಯದ ವ್ಯವಸ್ಥೆ ನೋಡಲಿ. ಉಪ್ಪು ಬೆರೆಸಿದ ಮಜ್ಜಿಗೆ ಒಳ್ಳೆಯದು, ಅದು ಕಾಯಿಸಿ ಆರಿಸಿದ ನೀರಿನದಾಗಿರಬೇಕು. ಭೇದಿಯಾದರೆ ಓಆರ್‌ಎಸ್ ಪೊಟ್ಟಣ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ದುಡಿಯುತ್ತಿದ್ದವನು ಇದ್ದಕ್ಕಿದ್ದಂತೆ ತೊದಲಿದರೆ, ಅರ್ಥವಿಲ್ಲದೆ ಮಾತಾಡಿದರೆ ಅದು ದಣಿವಲ್ಲ, ಬಿಸಿಲಾಘಾತ. ನೆರಳಿಗೆ ಒಯ್ದು ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

ಊಟದ ವಿಷಯದಲ್ಲಿ ಸಂಕೋಚ ಬೇಡ. ಅತಿಥಿಗಳೆಂದು ಆತಿಥೇಯರು ಏನೇನೋ ಬಡಿಸುತ್ತಾರೆ. ಕಣ್ಣೆದುರು ಬೆಂದ ಬಿಸಿ ಪದಾರ್ಥ ಯಾವ ದೇಶದಲ್ಲೂ ಸುರಕ್ಷಿತ. ಹೆಚ್ಚಿಟ್ಟ ಹಸಿ ಉಳ್ಳಾಗಡ್ಡಿ, ಹಸಿ ನೀರಿನ ಚಟ್ನಿ, ಮಂಜುಗಡ್ಡೆ ಇವನ್ನು ಕೈಮುಗಿದು ಬೇಡವೆನ್ನಿ.

ಸಿಮೆಂಟು, ಸುಣ್ಣ ಮತ್ತು ಕಣ್ಣು

ಗೌಂಡಿಗಳ ಕೈ ನೋಡಿದವರಿಗೆ ಸಿಮೆಂಟಿನ ಗುಣ ಗೊತ್ತು. ಹಸಿ ಸಿಮೆಂಟು ಪ್ರಬಲ ಕ್ಷಾರ. ಅದು ಮೆತ್ತಿದಾಗ ಉರಿಯುವುದಿಲ್ಲ, ಅದರ ಕಪಟ ಇರುವುದೇ ಅಲ್ಲಿ. ಒದ್ದೆ ಕಾಂಕ್ರೀಟಿನ ಮೇಲೆ ಮೊಣಕಾಲೂರಿ ಕೆಲಸ ಮಾಡಿದವನಿಗೆ ಸಂಜೆ ಪ್ಯಾಂಟು ಕಳಚಿದಾಗ ಸುಟ್ಟ ಗಾಯ ಕಾಣುತ್ತದೆ. ಅದರಲ್ಲಿರುವ ಕ್ರೋಮಿಯಂ ಅಂಶ ಕೆಲವರಿಗೆ ವರ್ಷಗಟ್ಟಲೆ ಕಾಡುವ ಕಜ್ಜಿ ತರುತ್ತದೆ. ರಬ್ಬರ್ ಕೈಗವಸು, ಎತ್ತರದ ಬೂಟು, ತುಂಬು ತೋಳಿನ ಅಂಗಿ ಬೇಕು. ಮೈಗೆ ತಗುಲಿದರೆ ಒದ್ದೆಯಾದ ಬಟ್ಟೆ ತೆಗೆದು ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಲಿಂಬೆರಸ ಹಚ್ಚುವ ಜಾಣತನ ಬೇಡ.

ಕಣ್ಣಿಗೆ ಸಿಡಿದರಂತೂ ಒಂದು ಕ್ಷಣವೂ ತಡ ಸಲ್ಲದು. ಎಲೆ ಅಡಿಕೆಯ ಸುಣ್ಣದ ಪೊಟ್ಟಣ ಹಿಸುಕಿ ಆಡುತ್ತ ಕಣ್ಣು ಕಳೆದುಕೊಂಡ ಮಕ್ಕಳ ಪ್ರಕರಣಗಳು ನಮ್ಮ ದೇಶದ ಕಣ್ಣಾಸ್ಪತ್ರೆಗಳಿಗೆ ಹೊಸವಲ್ಲ. ಸಿಮೆಂಟೂ ಸುಣ್ಣದ ಬಂಧುವೇ. ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ಕನಿಷ್ಠ ಅರ್ಧ ಗಂಟೆ ಬಿಡದೆ ಸುರಿಯಿರಿ, ಆಮೇಲೆ ಕಣ್ಣಿನ ವೈದ್ಯರ ಬಳಿಗೆ ಹೋಗಿ. ಮೊದಲು ಆಸ್ಪತ್ರೆ ಹುಡುಕುತ್ತ ಹೊರಟರೆ ದಾರಿಯಲ್ಲೇ ಕಣ್ಣು ಹೋಗಬಹುದು.

ಸಿಮೆಂಟಿನ ಚೀಲ 50 ಕಿಲೋ ತೂಗುತ್ತದೆ. ಗೌಂಡಿಯ ಕೈಕೆಳಗಿನ ಆಳು ಅದನ್ನು ಒಬ್ಬನೇ ಎತ್ತುತ್ತಾನೆಂದು ಪೈಪೋಟಿಗಿಳಿಯಬೇಡಿ. ಇಬ್ಬರು ಹಿಡಿಯಿರಿ, ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಎತ್ತಿರಿ. ಸಾರವೆಯ ಮೇಲಿನ ಕೆಲಸ ಅನುಭವಿಗಳಿಗೇ ಇರಲಿ. ಕಟ್ಟಡ ಕೆಲಸದಲ್ಲಿ ಜೀವ ತೆಗೆಯುವ ಅವಘಡಗಳಲ್ಲಿ ಎತ್ತರದಿಂದ ಬೀಳುವುದೇ ಮುಖ್ಯವಾದದ್ದು.

ಇಟ್ಟಿಗೆಯ ಅಡಿಯ ಅತಿಥಿ

ಬಿದ್ದ ಮನೆಯ ಕಲ್ಲು, ಇಟ್ಟಿಗೆಯ ರಾಶಿ ಎಂದರೆ ಹಾವು ಚೇಳುಗಳ ತವರು. ಬರಿಗೈ ಹಾಕುವ ಮುಂಚೆ ಹಾರೆಯಿಂದ ಮಗುಚಿ. ಬೂಟನ್ನು ಬೆಳಿಗ್ಗೆ ಕೊಡವಿಯೇ ಹಾಕಿಕೊಳ್ಳಿ. ನಮ್ಮ ಭಾಗದ ಕೆಂಪು ಚೇಳು ಹೃದಯಕ್ಕೇ ಪೆಟ್ಟು ಕೊಡುವಂಥದು. ಹಿಂದೆ ಅದು ಕಚ್ಚಿದವರಲ್ಲಿ ಸಾಯುವವರು ಬಹಳವಿದ್ದರು. ರಾಯಗಡ ಜಿಲ್ಲೆಯ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಗುಳಿಗೆಯಿಂದ ಆ ಸಾವುಗಳನ್ನು ತಗ್ಗಿಸಬಹುದೆಂದು ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚೇಳು ಕಚ್ಚಿದ ಮೇಲೆ ಮೈಯೆಲ್ಲ ಬೆವರಿ, ವಾಂತಿಯಾಗಿ, ಕೈಕಾಲು ತಣ್ಣಗಾದರೆ ಮಂತ್ರ ಹಾಕಿಸುತ್ತ ಕೂರದೆ ಆಸ್ಪತ್ರೆಗೆ ಓಡಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗ ಅಲುಗದಂತೆ ಇರಿಸಿ ಆಸ್ಪತ್ರೆಗೆ ಒಯ್ಯಿರಿ. ನಾಯಿ ಕಚ್ಚಿದರೆ ಸಾಬೂನು ನೀರಿನಿಂದ ಕಾಲು ಗಂಟೆ ತೊಳೆದು, ಅದೇ ದಿನ ಹುಚ್ಚುನಾಯಿ ರೋಗದ ಲಸಿಕೆ ಶುರುಮಾಡಬೇಕು.

ತಾಲೀಮು ಊರಲ್ಲೇ ಆಗಲಿ

ಪರದೇಶಕ್ಕೆ ಹೊರಡುವ ಗುಂಪು ಒಂದೆರಡು ತಿಂಗಳು ಮೊದಲು ಊರಲ್ಲೇ ಇಂಥ ಕೆಲಸ ಮಾಡಿ ನೋಡುವುದು ಮೇಲು. ಕೆಲಸಕ್ಕೆ ಕೊರತೆಯಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದ ಓಣಿಗಳಿಗೇ ನುಗ್ಗಿದವು, ಎಷ್ಟೋ ಮಣ್ಣಿನ ಮನೆಗಳು ಕರಗಿ ಬಿದ್ದವು. ಸಂಕೇಶ್ವರದ ಜನ ಹಿರಣ್ಯಕೇಶಿಯ ಮಹಾಪೂರ ಕಂಡವರು. ಗೋಡೆ ಬಿದ್ದ ಮುದುಕಿಯೊಬ್ಬಳ ಮನೆಯನ್ನು ನಾಲ್ಕು ಭಾನುವಾರ ದುರಸ್ತಿ ಮಾಡಿದರೆ ಯಾರ ಸೊಂಟ ಗಟ್ಟಿ, ಯಾರಿಗೆ ಎತ್ತರ ಕಂಡರೆ ತಲೆ ಸುತ್ತುತ್ತದೆ ಎಂಬುದೆಲ್ಲ ಹೊರಬೀಳುತ್ತದೆ. ಒಬ್ಬ ಒಳ್ಳೆಯ ಗೌಂಡಿಯನ್ನು ಗುರುವಾಗಿ ಇಟ್ಟುಕೊಳ್ಳಿ. ನೆರೆಯ ರಾಡಿಯಲ್ಲಿ ಇಳಿಯುವ ಕೆಲಸವಾದರೆ ಇಲಿಜ್ವರದ ಭಯವಿದೆ. ಬೂಟು ಬೇಕು, ಕಾಲಿನ ಗಾಯ ಮುಚ್ಚಿರಬೇಕು. ಡಾಕ್ಸಿಸೈಕ್ಲಿನ್ ಗುಳಿಗೆ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ, ಔಷಧ ಅಂಗಡಿಯವರಲ್ಲ.

ಗುಂಪಿನಲ್ಲಿ ಇಬ್ಬರಾದರೂ ಪ್ರಥಮ ಚಿಕಿತ್ಸೆ ಕಲಿತಿರಬೇಕು. ಪ್ರತಿಯೊಬ್ಬರ ರಕ್ತದ ಗುಂಪು, ಒಗ್ಗದ ಔಷಧ, ಮನೆಯವರ ಫೋನ್ ಸಂಖ್ಯೆ ಬರೆದ ಚೀಟಿ ಮುಖಂಡರ ಬಳಿ ಇರಲಿ. ವೈದ್ಯಕೀಯ ವಿಮೆ ಮಾಡಿಸಿ. ಹಮ್ಮಿಕೊಂಡದ್ದೆಲ್ಲ ನಡೆದೇ ತೀರುತ್ತದೆ ಎಂದೂ ತಿಳಿಯಬೇಡಿ. 2015ರ ನವೆಂಬರಿನಲ್ಲಿ ನೇಪಾಳದಲ್ಲಿ ನಡೆಯಬೇಕಿದ್ದ ಕಾರ್ಟರ್ ಯೋಜನೆಯನ್ನೇ ಅಲ್ಲಿನ ಗಲಭೆಯ ಕಾರಣ ಕೈಬಿಡಬೇಕಾಯಿತು. ದಾರಿ ಬಂದಾದರೆ ಗಾಯಾಳುವನ್ನು ಎಲ್ಲಿಗೆ, ಹೇಗೆ ಒಯ್ಯುವುದು ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮರಳಿ ಬಂದ ಮೇಲೆ ಜ್ವರ ಬಂದರೆ ದಣಿವಿನ ಜ್ವರವೆಂದು ಕಷಾಯ ಕುಡಿದು ಮಲಗಬೇಡಿ. ಮಲೇರಿಯಾ ವಾರಗಳ ನಂತರ, ಕೆಲವೊಮ್ಮೆ ತಿಂಗಳುಗಳ ನಂತರವೂ ತಲೆಯೆತ್ತುತ್ತದೆ. ಹೋಗಿ ಬಂದ ಊರಿನ ಹೆಸರನ್ನು ವೈದ್ಯರಿಗೆ ತಾವಾಗಿಯೇ ಹೇಳಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.