ಚಿನ್ನಕ್ಕೆ ಗಿರಾಕಿ, ಸೀಸಕ್ಕೆ ಯಾರು?

ಕಂಪ್ಯೂಟರಿನ ಗೇಣುದ್ದವೂ ಇಲ್ಲದ ರ‍್ಯಾಮ್ ಪಟ್ಟಿಯ ಒಂದು ಅಂಚಿನಲ್ಲಿ ಹಳದಿ ಹಲ್ಲುಗಳು ಸಾಲಾಗಿ ಹೊಳೆಯುತ್ತವೆ. ಅದು ಬಣ್ಣವಲ್ಲ, ಚಿನ್ನ. ತುಕ್ಕು ಹಿಡಿದರೆ ಸಂಕೇತಗಳು ದಾಟುವುದಿಲ್ಲ ಎಂಬ ಕಾರಣಕ್ಕೆ ತಾಮ್ರದ ಮೇಲೆ ತೆಳುವಾಗಿ ಬಳಿದದ್ದು. ಗುಜರಿಯವರ ಕಣ್ಣು ಮೊದಲು ಬೀಳುವುದೂ ಅಲ್ಲಿಗೇ.

ಅದರಲ್ಲಿ ಅಚ್ಚರಿಯೇನಿಲ್ಲ. ಮೂರು ಕಿಲೋಮೀಟರ್ ಆಳಕ್ಕಿಳಿದಿದ್ದ ಕೋಲಾರದ ಗಣಿಗಳು 2001ರಲ್ಲಿ ಮುಚ್ಚುವ ಹೊತ್ತಿಗೆ ಟನ್ ಅದಿರಿಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆಯ ಮದರ್‌ಬೋರ್ಡ್‌ಗಳಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಟೋಕಿಯೊ ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್‌ನ ಸುಮಾರು 5,000 ಪದಕಗಳಿಗೆ ಬೇಕಾದ 32 ಕಿಲೋ ಚಿನ್ನವನ್ನು ಜಪಾನ್ ತನ್ನ ಜನ ಕೊಟ್ಟ ಹಳೆಯ ಫೋನು, ಕಂಪ್ಯೂಟರು, ಇತರ ಸಾಧನಗಳಿಂದಲೇ ತೆಗೆದಿತ್ತು.

ತೆಗೆಯುವ ಬಗೆಯಲ್ಲಿದೆ ತೊಡಕು. ಬೆಂಗಳೂರಿನ ಹೊರವಲಯದ ಡಾಬಸ್‌ಪೇಟೆಯಂಥ ಕಡೆ ಅಧಿಕೃತ ಮರುಬಳಕೆ ಘಟಕಗಳಿವೆ. ಆದರೆ ಮನೆ ಬಾಗಿಲಲ್ಲೇ ತೂಕ ಹಾಕಿ ರೊಕ್ಕ ಎಣಿಸುವವನು ಗುಜರಿಯವನು. ಅವನಿಂದ ಕೈ ಬದಲಾಗುತ್ತ ಸಾಗುವ ಬೋರ್ಡುಗಳು ದೆಹಲಿಯ ಸೀಲಂಪುರದಂಥ ಕಡೆ ಉರಿಯ ಮೇಲೇರುತ್ತವೆ. ಬೆಸುಗೆ ಕರಗಿದೊಡನೆ ಚಿಪ್‌ಗಳನ್ನು ಇಕ್ಕಳದಲ್ಲಿ ಕೀಳುತ್ತಾರೆ, ಚಿನ್ನದ ಭಾಗಗಳನ್ನು ಆಮ್ಲಕ್ಕೆ ಹಾಕುತ್ತಾರೆ. ಯುರೋಪ್ 2006ರಲ್ಲಿ ನಿರ್ಬಂಧ ಹೇರುವವರೆಗೆ ಬೆಸುಗೆಯೆಂದರೆ ತವರ ಮತ್ತು ಸೀಸ. ಆ ಸೀಸ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಬೋರ್ಡಿಗೆ ಬೆಂಕಿ ಹತ್ತದಿರಲೆಂದು ಬೆರೆಸಿದ ಬ್ರೋಮಿನ್ ರಾಸಾಯನಿಕಗಳು ಬೆಂದಾಗ ಡಯಾಕ್ಸಿನ್ ಜಾತಿಯ ವಿಷ ಹುಟ್ಟುತ್ತದೆ. ಕೆಲಸ ಮುಗಿದ ಆಮ್ಲದ ಪಾಲಿಗೆ ಚರಂಡಿ.

ಹಾಗಂತ ದೊಡ್ಡ ಕಾರ್ಖಾನೆಗಳಲ್ಲೂ ಎಲ್ಲವೂ ಉಳಿಯುವುದಿಲ್ಲ. ಹಾರ್ಡ್ ಡಿಸ್ಕ್‌ನೊಳಗಿನ ನಿಯೋಡಿಮಿಯಮ್ ಅಯಸ್ಕಾಂತವನ್ನು ಮೊದಲೇ ಬಿಚ್ಚದೆ ಯಂತ್ರಕ್ಕೆ ಹಾಕಿದರೆ, ಪುಡಿಯಾಗಿ ಕಬ್ಬಿಣಕ್ಕೆ ಅಂಟಿಕೊಂಡು ಅದರ ಜೊತೆಗೇ ಕುಲುಮೆ ಸೇರಿ ಕಳೆದುಹೋಗುತ್ತದೆ. ಕಾಂಗೋದ ಗಣಿಗಳಲ್ಲಿ ಬೆವರು ಸುರಿಸಿ ತೆಗೆದ ಟ್ಯಾಂಟಲಮ್, ಕೆಪಾಸಿಟರುಗಳಿಂದ ಕಿಟ್ಟಕ್ಕೆ ಸೇರುತ್ತದೆ.

ಇನ್ನು ಯಾವ ಕುಲುಮೆಯೂ ಹಿಂದಿರುಗಿಸಲಾರದ ಲೆಕ್ಕವೊಂದಿದೆ. 2004ರಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ ಪ್ರಕಟಿಸಿದ ಅಧ್ಯಯನದಂತೆ, ಆ ಕಾಲದ ಒಂದು ಡೆಸ್ಕ್‌ಟಾಪ್ ಮತ್ತು ಅದರ 17 ಇಂಚಿನ ಮಾನಿಟರ್ ತಯಾರಿಕೆಗೆ 240 ಕಿಲೋ ಇಂಧನ, 22 ಕಿಲೋ ರಾಸಾಯನಿಕ, 1,500 ಲೀಟರ್ ನೀರು ಬೇಕಿತ್ತು. ಅದರ ಒಟ್ಟು ಆಯಸ್ಸಿನ ವಿದ್ಯುತ್ ಖರ್ಚಿಗಿಂತ ಹುಟ್ಟಿನ ಖರ್ಚೇ ಹೆಚ್ಚು. ನಿಧಾನವಾದ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಬದಲು ರ‍್ಯಾಮ್ ಹೆಚ್ಚಿಸಿ, ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಕೂರಿಸಿ ಇನ್ನಷ್ಟು ವರ್ಷ ಓಡಿಸುವ ರಿಪೇರಿಯವನು ಉಳಿಸುವುದು ಈ ಖರ್ಚನ್ನು.

2022ರಲ್ಲಿ ಜಗತ್ತಿನ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾದದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ಅದೇ ವರ್ಷ ಭಾರತ ಹೊಸ ನಿಯಮ ತಂದು ತಯಾರಕರ ಹೊಣೆಯನ್ನು ಬಿಗಿಗೊಳಿಸಿತು. ಮರುಬಳಕೆದಾರರಿಗೆ ಪ್ರಮಾಣಪತ್ರ ನೀಡುವ ವ್ಯವಸ್ಥೆ ರೂಪಿಸಿತು. ಆ ಪ್ರಮಾಣಪತ್ರದ ಲೆಕ್ಕಕ್ಕೆ ಬಂದ ಲೋಹಗಳು ನಾಲ್ಕು: ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಟ್ಯಾಂಟಲಮ್, ನಿಯೋಡಿಮಿಯಮ್ ಆ ಪಟ್ಟಿಯಲ್ಲಿರಲಿಲ್ಲ.