ಲೈಸೆನ್ಸಿನ ಮೇಲಿನ ಷರಾ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ೪೮ನೆಯ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ನಮ್ಮ ಊರು. ಹಗಲಿರುಳೆನ್ನದೆ ಅಲ್ಲಿ ಲಾರಿಗಳು ಓಡುತ್ತಲೇ ಇರುತ್ತವೆ. ಅವುಗಳ ಹಾರನ್ನಿಗೆ ಬೇಸರಪಡುವವರು ಬಹಳ ಮಂದಿ. ಸ್ಟಿಯರಿಂಗ್ ಹಿಡಿದು ಕುಳಿತವನು ಆ ಸೀಟಿಗೆ ಹೇಗೆ ಬಂದನೆಂದು ಯೋಚಿಸುವವರು ವಿರಳ. ನಾನೂ ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದವನು ನನ್ನ ಅಣ್ಣ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. “ಹೆಸರು ಹಾಕಬೇಡ ಕಣೋ, ಉಳಿದದ್ದನ್ನೆಲ್ಲ ಬರಿ” ಎಂದಿದ್ದಾನೆ.

೨೦೨೦ರ ಫೆಬ್ರವರಿಯಲ್ಲಿ, ಅವನಿಗೆ ಇಪ್ಪತ್ತೆರಡು ವರ್ಷ ವಯಸ್ಸಾಗಿದ್ದಾಗ, ಇನ್ನೊಬ್ಬರ ಚಿಕ್ಕ ಗೂಡ್ಸ್ ಗಾಡಿಯಲ್ಲಿ ಈರುಳ್ಳಿ ಮೂಟೆಗಳನ್ನು ತುಂಬಿಕೊಂಡು ಹೋಗುತ್ತಿದ್ದ. ಒಂದು ಕೈಯಲ್ಲಿ ಮೊಬೈಲ್ ಇತ್ತು. ರಸ್ತೆ ದಾಟುತ್ತಿದ್ದ ವೃದ್ಧರೊಬ್ಬರಿಗೆ ಗಾಡಿ ತಗುಲಿ ಅವರ ಕಾಲು ಮುರಿಯಿತು. ತಪ್ಪು ಅಣ್ಣನದೇ; ಅದರಲ್ಲಿ ಎರಡು ಮಾತಿಲ್ಲ. ಓಡಿಹೋಗಲಿಲ್ಲವೆಂಬುದೊಂದೇ ಅವನ ಪರವಾಗಿ ಹೇಳಬಹುದಾದ ಮಾತು. ಜನ ಸೇರಿ ಎರಡೇಟು ಹಾಕಿದರೂ, ಅವರ ಸಹಾಯದಿಂದಲೇ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ನೇರವಾಗಿ ಪೊಲೀಸ್ ಠಾಣೆಗೆ ಹೋದ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೩೪ನೆಯ ಕಲಮು ಚಾಲಕನಿಂದ ಬಯಸುವುದೂ ಇದನ್ನೇ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ಜನರ ಉದ್ರೇಕದಿಂದ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಅಸಾಧ್ಯವಾದರೆ ಚಾಲಕನಿಗೆ ಆ ಹೊಣೆಯಿಂದ ವಿನಾಯಿತಿ ಉಂಟೆಂದೂ, ಆದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಹತ್ತಿರದ ಠಾಣೆಗೆ ಸುದ್ದಿ ಮುಟ್ಟಿಸಲೇಬೇಕೆಂದೂ ಅದೇ ಕಲಮು ಹೇಳುತ್ತದೆ. ಲಾರಿ ಕಸುಬಿನವರಲ್ಲಿ ಇದನ್ನು ಬಲ್ಲವರು ನನಗೆ ಅಷ್ಟಾಗಿ ಸಿಕ್ಕಿಲ್ಲ.

೨೦೨೧ರ ಮಾರ್ಚಿಯಲ್ಲಿ ಅಣ್ಣ ನ್ಯಾಯಾಲಯದಲ್ಲಿ ತಪ್ಪನ್ನು ಒಪ್ಪಿಕೊಂಡ. ೨೦೧೯ರ ತಿದ್ದುಪಡಿಯಾದ ಮೇಲೆ, ಮೊಬೈಲನ್ನು ಕೈಯಲ್ಲಿ ಹಿಡಿದು ಗಾಡಿ ನಡೆಸುವುದೂ ಅಪಾಯಕಾರಿ ಚಾಲನೆಯೆಂದೇ ಪರಿಗಣಿತವಾಗುತ್ತದೆ. ದಂಡವಾಯಿತು, ಆರು ತಿಂಗಳು ಲೈಸೆನ್ಸ್ ಹೊಂದಲು ಅನರ್ಹನೆಂದು ಆದೇಶವಾಯಿತು, ಆ ಆದೇಶ ಲೈಸೆನ್ಸಿನಲ್ಲಿ ದಾಖಲಾಯಿತು. ಈ ದಾಖಲೆಯನ್ನೇ ನಮ್ಮ ಕಡೆ ಕಚೇರಿಯವರು ಷರಾ ಎನ್ನುವುದು.

ಆ ಆರು ತಿಂಗಳು ಅಣ್ಣ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದ. ನಮಗಿರುವುದು ಎರಡು ಎಕರೆ ಖುಷ್ಕಿ ಜಮೀನು. ಕೊಳವೆಬಾವಿ ಬತ್ತಿ ಬಹಳ ದಿನವಾಗಿತ್ತು. ನನ್ನ ಪಿ.ಯು.ಸಿ. ಶುಲ್ಕ ಅವನು ಹೊತ್ತ ಮೂಟೆಗಳಿಂದ ಬಂದುದು. ಅವಧಿ ಮುಗಿದ ಮೇಲೆ ಲಾರಿ ಡ್ರೈವರಾಗಬೇಕೆಂದು ಹೊರಟ. ಚಿತ್ರದುರ್ಗದ ಒಬ್ಬ ಮಾಲೀಕರು ಲೈಸೆನ್ಸ್ ತಿರುಗಿಸಿ ನೋಡಿ, “ಏನಪ್ಪಾ, ಕೇಸಾಗಿತ್ತಾ? ಆಮೇಲೆ ಹೇಳಿ ಕಳಿಸ್ತೀನಿ ಬಿಡು” ಎಂದರು. ಹೇಳಿ ಕಳಿಸಲಿಲ್ಲ. ಎರಡನೆಯವರೂ ಹಾಗೆಯೇ. ಮೂರನೆಯವರು ನೀರು ಕೊಡಿಸಿ ಕಳುಹಿಸಿದರು.

೨೦೨೨ರಲ್ಲಿ ನಾನು ಬಿ.ಎ. ತರಗತಿಗೆ ಸೇರಿದ ಹೊತ್ತಿಗೆ ದಲ್ಲಾಳಿಯೊಬ್ಬ ಗಂಟುಬಿದ್ದ. “ಈ ಲೈಸೆನ್ಸ್ ಎಸೆದುಬಿಡು ತಮ್ಮಾ, ಬೇರೆ ರಾಜ್ಯದಲ್ಲಿ ಹೊಸದು ಮಾಡಿಸಿಕೊಡ್ತೀನಿ, ಹಾಲಿನಂಗಿರುತ್ತೆ” ಎಂದ. ಅಣ್ಣನ ಮನಸ್ಸು ಅರ್ಧ ವಾಲಿತ್ತು. ಹಣ ಹೊಂದಿಸುವುದಕ್ಕೂ ಓಡಾಡುತ್ತಿದ್ದ. ನಾನು ಈ ವಿಷಯವನ್ನು ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರ ಮುಂದಿಟ್ಟೆ. ಅವರು ಉತ್ತರ ಹೇಳದೆ, ಗ್ರಂಥಾಲಯದಿಂದ ಕಾಯಿದೆಯ ಪುಸ್ತಕ ತೆಗೆಸಿ, “ಓದಿಕೊಂಡು ನೀನೇ ನನಗೆ ಹೇಳು” ಎಂದರು. ಆ ಸಂಜೆ ಓದಿದುದು ನನ್ನ ಪಠ್ಯಗಳಲ್ಲಿ ಯಾವುದಕ್ಕಿಂತಲೂ ಹೆಚ್ಚಾಗಿ ನೆನಪಿನಲ್ಲಿದೆ.

ಒಬ್ಬನಿಗೆ ಒಂದೇ ಲೈಸೆನ್ಸ್ ಎಂಬುದು ಮೊದಲ ಮಾತು. ಎರಡನೆಯದು, ಹೊಸ ಲೈಸೆನ್ಸ್ ಪಡೆದರೂ ನಕಲು ಪಡೆದರೂ ಹಳೆಯ ಷರಾ ಅದಕ್ಕೆ ವರ್ಗವಾಗಿಯೇ ಬರಬೇಕು. ಷರಾ ಇರುವುದನ್ನು ಮುಚ್ಚಿಟ್ಟು ಪಡೆದ ಲೈಸೆನ್ಸ್ ಊರ್ಜಿತವಲ್ಲ; ಹಾಗೆ ಪಡೆದವನಿಗೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ ಆಗಬಹುದು. ಇದು ೧೮೨ನೆಯ ಕಲಮು. ಮಾಲೀಕರು ಲೈಸೆನ್ಸನ್ನು ಅಷ್ಟೊಂದು ತಿರುಗಿಸಿ ನೋಡುವುದೇಕೆಂಬುದೂ ಆಗ ಅರ್ಥವಾಯಿತು. ಊರ್ಜಿತ ಲೈಸೆನ್ಸ್ ಇಲ್ಲದವನೆಂದು ಗೊತ್ತಿದ್ದೂ ಗಾಡಿ ಕೊಟ್ಟು ಅಪಘಾತವಾದರೆ, ವಿಮಾ ಕಂಪನಿಯು ಗಾಯಾಳುವಿಗೆ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕನಿಂದಲೇ ವಸೂಲು ಮಾಡಬಹುದು. ಒಂದು ಅಪಘಾತದಲ್ಲಿ ಲಾರಿಯೂ ಮನೆಯೂ ಹೋಗುವ ಮಾತು ಅದು. ಆ ಮೂವರ ಮೇಲೆ ನನಗಿದ್ದ ಕೋಪ ಅಲ್ಲಿಗೆ ಸ್ವಲ್ಪ ಇಳಿಯಿತು.

ಅದಕ್ಕಿಂತ ಮುಖ್ಯವಾದುದು ೨೫ನೆಯ ಕಲಮು. ಷರಾ ಬಿದ್ದ ಮೇಲೆ ಸತತವಾಗಿ ಮೂರು ವರ್ಷ ಮತ್ತೊಂದು ಷರಾ ಬೀಳದಿದ್ದರೆ, ಹಳೆಯ ಲೈಸೆನ್ಸನ್ನು ಒಪ್ಪಿಸಿ, ಶುಲ್ಕ ಕಟ್ಟಿ, ಷರಾ ಇಲ್ಲದ ಹೊಸ ಲೈಸೆನ್ಸ್ ಪಡೆಯುವ ಹಕ್ಕು ಚಾಲಕನಿಗೆ ಉಂಟು. ಇದು ಯಾರ ದಯೆಯೂ ಅಲ್ಲ, ಹಕ್ಕು. ವೇಗದ ಮಿತಿ ಮೀರಿದುದಕ್ಕಷ್ಟೇ ಬಿದ್ದ ಷರಾ ಆದರೆ ಒಂದೇ ವರ್ಷ ಸಾಕು. ಆದರೆ ಲೆಕ್ಕದಲ್ಲಿ ಒಂದು ತೊಡಕಿದೆ: ಅನರ್ಹನಾಗಿದ್ದ ಕಾಲವನ್ನು ಈ ಮೂರು ವರ್ಷದಲ್ಲಿ ಸೇರಿಸುವಂತಿಲ್ಲ. ಆದುದರಿಂದ ಅಣ್ಣನ ಮೂರು ವರ್ಷ ತೀರ್ಪಿನ ದಿನದಿಂದಲ್ಲ, ೨೦೨೧ರ ಸೆಪ್ಟೆಂಬರಿನಿಂದ ಆರಂಭ. ೨೦೨೪ರ ಸೆಪ್ಟೆಂಬರಿಗೆ ಮುಕ್ತಾಯ. ನಾನು ಇದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದಾಗ ಅಣ್ಣ ಬಹಳ ಹೊತ್ತು ನೋಡಿ, “ಅಲ್ಲೀವರೆಗೆ ಏನ್ ಮಾಡಲಿ?” ಎಂದ. ಕಾಯಿದೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದುದು ನಾಲ್ಕನೆಯ ಮಾಲೀಕರಲ್ಲಿ. ಈ ಸಲ ಅಣ್ಣ ಅವರು ಕೇಳುವ ಮುಂಚೆಯೇ ಎಲ್ಲವನ್ನೂ ಹೇಳಿ, ತೀರ್ಪಿನ ಪ್ರತಿಯನ್ನೂ ಮುಂದಿಟ್ಟ. “ಡ್ರೈವರ್ ಕೆಲಸ ಇಲ್ಲಪ್ಪ, ಕ್ಲೀನರ್ ಬೇಕಾದರೆ ಬಾ” ಎಂದರು. ಹಿಂದೆ ಗಾಡಿ ನಡೆಸುತ್ತಿದ್ದವನು ಕ್ಲೀನರಾಗುವುದೆಂದರೆ ನಮ್ಮ ಕಡೆ ಅವಮಾನವೇ ಸರಿ. ಟಾರ್ಪಾಲು ಕಟ್ಟುವುದು, ಸ್ಟೆಪ್ನಿ ಬದಲಿಸುವುದು, ರಾತ್ರಿ ಲೋಡಿನ ಮೇಲೆ ಮಲಗಿ ಕಾವಲು ಕಾಯುವುದು, ಡ್ರೈವರಿಗೆ ಸಿಗುವ ಬಾಟಾದ ಅರ್ಧಕ್ಕೂ ಕಡಿಮೆ ಹಣ. ಅಮ್ಮ ಅತ್ತಳು. ಅಣ್ಣ ಹೋದ.

ದಾವಣಗೆರೆಯ ಕಡೆಯ ಹಿರಿಯ ಡ್ರೈವರೊಬ್ಬರು ಅವನಿಗೆ ಗುರುವಾದರು. ಶಿರಾಡಿ ಘಾಟಿ ಇಳಿಯುವಾಗ ಬ್ರೇಕನ್ನೇ ನಂಬಿದರೆ ಡ್ರಮ್ಮು ಕಾದು ಹಿಡಿತ ತಪ್ಪುತ್ತದೆ, ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬಂದುಬಿಡಬೇಕು ಎಂಬುದನ್ನು ಅವರು ಬಾಯಲ್ಲಿ ಹೇಳಲಿಲ್ಲ. ಪ್ರತಿ ಟ್ರಿಪ್ಪಿನಲ್ಲಿಯೂ ಮಾಡಿ ತೋರಿಸಿದರು. ಅವರ ಮೊಬೈಲು ಗಾಡಿ ನಿಲ್ಲುವವರೆಗೆ ಕ್ಲೀನರನ ಜೇಬಿನಲ್ಲಿರುತ್ತಿತ್ತು. ಅಣ್ಣನ ಕಥೆ ಕೇಳಿದ ಮೇಲೆ ಮಾಡಿದ ಏರ್ಪಾಡೋ, ಮೊದಲಿನಿಂದಲೂ ಇತ್ತೋ, ಅಣ್ಣ ಕೇಳಿಲ್ಲ.

ಭಾರಿ ವಾಹನದ ಲೈಸೆನ್ಸಿಗೆ ಇಪ್ಪತ್ತು ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಆಗಿರಬೇಕು. ವೈದ್ಯರ ಪತ್ರ, ತರಬೇತಿ ಶಾಲೆಯ ಪತ್ರ ಬೇಕು. ಎಂಟನೆಯ ತರಗತಿ ಪಾಸಾಗಿರಬೇಕೆಂಬ ಹಿಂದಿನ ನಿಯಮವನ್ನು ೨೦೧೯ರಲ್ಲಿ ತೆಗೆದುಹಾಕಲಾಗಿದೆ. ಅನರ್ಹತೆಯ ಅವಧಿ ಕಳೆದಿದ್ದುದರಿಂದ ಅಣ್ಣ ಅರ್ಜಿ ಹಾಕಲು ಅಡ್ಡಿಯಿರಲಿಲ್ಲ. ೨೦೨೩ರಲ್ಲಿ ಭಾರಿ ವಾಹನದ ಲೈಸೆನ್ಸ್ ಬಂತು, ಷರಾ ಸಮೇತ. ಮಾಲೀಕರು ಮೊದಲು ಹಗಲಿನ ಟ್ರಿಪ್ಪುಗಳನ್ನು ಕೊಟ್ಟರು, ವರ್ಷದ ಮೇಲೆ ಯಶವಂತಪುರದ ಮಾರುಕಟ್ಟೆಯ ಈರುಳ್ಳಿ ಲೋಡು ಕೊಟ್ಟರು. ಇಲ್ಲಿ ಒಂದು ಮಾತು ಸೇರಿಸಬೇಕು: ಒಟ್ಟು ತೂಕ ೭,೫೦೦ ಕಿಲೋ ಮೀರದ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸಿನಲ್ಲಿಯೇ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ೨೦೨೪ರ ನವೆಂಬರಿನಲ್ಲಿ ಹೇಳಿದೆ. ಹೊಸದಾಗಿ ಕಸುಬಿಗೆ ಇಳಿಯುವ ಬಡವರಿಗೆ ಇದು ದೊಡ್ಡ ಅನುಕೂಲ.

೨೦೨೪ರ ಜನವರಿಯಲ್ಲಿ ದೇಶದ ಹಲವು ಕಡೆ ಲಾರಿ ಚಾಲಕರು ಮುಷ್ಕರ ಹೂಡಿದುದು ವಾಚಕರಿಗೆ ನೆನಪಿರಬಹುದು. ಅಪಘಾತದಲ್ಲಿ ಸಾವು ಸಂಭವಿಸಿದ ಮೇಲೆ ಸುದ್ದಿ ಕೊಡದೆ ಪರಾರಿಯಾದವನಿಗೆ ಹತ್ತು ವರ್ಷದವರೆಗೆ ಸೆರೆಯೆಂದು ಭಾರತೀಯ ನ್ಯಾಯ ಸಂಹಿತೆಯಲ್ಲಿದ್ದುದೇ ಅದಕ್ಕೆ ಕಾರಣ. ಆ ವರ್ಷ ಜುಲೈ ೧ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪವಿಧಿಯೊಂದನ್ನು ತಡೆಹಿಡಿಯಲಾಯಿತು. ಅಣ್ಣ ಆ ಮುಷ್ಕರದಲ್ಲಿ ಗಾಡಿ ನಿಲ್ಲಿಸಿದ್ದ. ಆದರೂ, “ಓಡಿಹೋಗಿದ್ದರೆ ಇವತ್ತು ನನಗೆ ಈ ಸೀಟೂ ಇರ್ತಿರಲಿಲ್ಲ” ಎಂದು ಮನೆಯಲ್ಲಿ ಹೇಳಿದ.

೨೦೨೪ರ ಸೆಪ್ಟೆಂಬರ್ ಕಳೆಯಿತು. ಹಳೆಯ ಲೈಸೆನ್ಸ್ ಒಪ್ಪಿಸಿದೆವು. ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ ಹೊಸದು ಅಂಚೆಯಲ್ಲಿ ಬಂತು. ಅಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಆದರೆ ಹೋದದ್ದು ಲೈಸೆನ್ಸಿನ ಷರಾ ಮಾತ್ರ. ನ್ಯಾಯಾಲಯದ ತೀರ್ಪು ಕಡತದಲ್ಲಿ ಹಾಗೆಯೇ ಇದೆ. ಆ ವೃದ್ಧರು ಇಂದಿಗೂ ಕೋಲೂರಿಕೊಂಡೇ ನಡೆಯುತ್ತಾರೆ.

ಕಳೆದ ತಿಂಗಳು ಅಣ್ಣ ಬೆಂಗಳೂರಿನ ದೊಡ್ಡ ಸಾಗಣೆ ಕಂಪನಿಯೊಂದಕ್ಕೆ ಅರ್ಜಿ ತಂದ. ತಿಂಗಳ ಸಂಬಳ, ಭವಿಷ್ಯ ನಿಧಿ ಎಲ್ಲ ಉಂಟು. ಅದರಲ್ಲೊಂದು ಕಾಲಂ: ಹಿಂದೆ ಯಾವುದಾದರೂ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ? “ಲೈಸೆನ್ಸ್ ಶುದ್ಧವಾಗಿದೆಯಲ್ಲೋ, ಇಲ್ಲ ಅಂತ ಬರೆದರೆ?” ಎಂದು ನನ್ನ ಮುಖ ನೋಡಿದ. ಪ್ರಶ್ನೆ ಲೈಸೆನ್ಸಿನ ಬಗ್ಗೆ ಅಲ್ಲ, ಶಿಕ್ಷೆಯ ಬಗ್ಗೆ ಎಂದೆ. ಸ್ವಲ್ಪ ಹೊತ್ತು ಪೆನ್ನು ತಿರುಗಿಸುತ್ತ ಕುಳಿತ. ಆಮೇಲೆ ಹೌದು ಎಂದು ಬರೆದು, ತಾರೀಖು ಸಹಿತ ವಿವರ ತುಂಬಿ, ತೀರ್ಪಿನ ಪ್ರತಿಯನ್ನೂ ಲಗತ್ತಿಸಿದ. ಈ ಲೇಖನವನ್ನು ಸಂಪಾದಕರಿಗೆ ಒಪ್ಪಿಸುವ ದಿನದವರೆಗೆ ಅಲ್ಲಿಂದ ಉತ್ತರ ಬಂದಿಲ್ಲ.